ಹಣಕಾಸು ಬಲ್ಲವರು ವಾರಕ್ಕೆ ಅರ್ಧ ದಿನ ಸಲಹಾ ಕೇಂದ್ರದಲ್ಲಿ ಕೂರಬೇಕು



ಈ ಸಲ ಐಎಸ್‌ಎ ಬಗ್ಗೆಯೂ ಇಲ್ಲ, ಎನ್‌ಆರ್‌ಇ ಠೇವಣಿ ಬಗ್ಗೆಯೂ ಇಲ್ಲ. ಹೋದ ತಿಂಗಳು ಮನೆಗೆ ಊಟಕ್ಕೆ ಬಂದಿದ್ದ ಗೆಳೆಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಅವತ್ತು ಸರಿಯಾಗಿ ಹೇಳಲು ಆಗಿರಲಿಲ್ಲ.

"ಬುಧವಾರ ಮಧ್ಯಾಹ್ನ ಫೋನ್ ಮಾಡಿದ್ರೆ ಸಿಗೋದೇ ಇಲ್ವಲ್ಲ ಮಾರಾಯ, ಎಲ್ಲಿರ್ತೀಯ?" ಅಂದರು. ಸಿಟಿಜನ್ಸ್ ಅಡ್ವೈಸ್‌ನಲ್ಲಿ ಸ್ವಯಂಸೇವಕನಾಗಿ ಸಲಹೆಗಾರನ ಕೆಲಸ ಮಾಡುತ್ತೇನೆ ಎಂದೆ. "ಸಂಬಳ?" ಇಲ್ಲ, ಓಡಾಟದ ಖರ್ಚು ಕೊಡ್ತಾರೆ ಎಂದೆ. ಅವರೂ ನನ್ನಂತೆ ಎಂಬಿಎ. ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಲೇ ಲೆಕ್ಕ ಮಾಡಿದರು: "ಅಷ್ಟು ಹೊತ್ತು ನೀನು ದುಡಿದು ಆ ದುಡ್ಡನ್ನೇ ಅವರಿಗೆ ಕೊಟ್ರೆ ಇನ್ನೊಬ್ಬರನ್ನ ಕೆಲಸಕ್ಕೆ ಇಟ್ಕೋತಾರೆ. ನೀನು ಹೋಗಿ ಕೂರೋದು ರಿಸೋರ್ಸ್ ವೇಸ್ಟ್ ಅಲ್ವಾ?"

ಪುಸ್ತಕದ ಪ್ರಕಾರ ಅವರು ಹೇಳಿದ್ದು ಸರಿ. ನಾಲ್ಕು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಯಾಕೆ ಹೇಳುವುದಿಲ್ಲ ಎಂಬುದೇ ಈ ಬರಹ.

ಇದು ಯಾವ ಕೇಂದ್ರ?

ಇಂಗ್ಲೆಂಡಿನಲ್ಲಿ ಇರುವವರು ಊರಿನ ಲೈಬ್ರರಿ ಹತ್ತಿರವೋ ಕೌನ್ಸಿಲ್ ಕಟ್ಟಡದಲ್ಲೋ ಈ ಬೋರ್ಡ್ ನೋಡಿರುತ್ತೀರಿ. ಬ್ರಿಟನ್ ಎರಡನೇ ಮಹಾಯುದ್ಧಕ್ಕೆ ಇಳಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, 200 ಕಡೆ ಒಟ್ಟಿಗೆ ಇಂಥ ಕೇಂದ್ರಗಳು ಬಾಗಿಲು ತೆರೆದವು. ಮನೆ ಕಳೆದುಕೊಂಡವರು, ರೇಷನ್ ಪುಸ್ತಕ ಕಳೆದುಕೊಂಡವರು, ಸಾಲ ತೀರಿಸಲಾಗದವರು ಬಂದು ಕೇಳುತ್ತಿದ್ದರು. ಈಗ ಬರುವುದು ಬಾಡಿಗೆ, ಸಾಲ, ಸರ್ಕಾರಿ ಭತ್ಯೆ, ಕೆಲಸದಿಂದ ತೆಗೆದದ್ದು, ಕರೆಂಟ್ ಬಿಲ್. ಪ್ರತಿ ಊರಿನ ಕೇಂದ್ರವೂ ಪ್ರತ್ಯೇಕ ಧರ್ಮಾರ್ಥ ಸಂಸ್ಥೆ. ಸಲಹೆ ಉಚಿತ, ಗುಟ್ಟು ಹೊರಗೆ ಹೋಗುವುದಿಲ್ಲ. ಸಂಬಳದ ಮೇಲ್ವಿಚಾರಕರು ಇರುತ್ತಾರೆ, ಅವರ ಕೆಳಗೆ ತರಬೇತಿ ಪಡೆದ ನನ್ನಂಥ ಸ್ವಯಂಸೇವಕರು.

ನಾನು ಸೇರಿದ್ದಕ್ಕೆ ದೊಡ್ಡ ಆದರ್ಶವೇನೂ ಇರಲಿಲ್ಲ. ನಲವತ್ತು ದಾಟಿದ ಮೇಲೆ ಏನಾದರೂ 'ವಾಪಸ್ ಕೊಡಬೇಕು' ಅನ್ನಿಸುತ್ತದಲ್ಲ, ಅದು. ಜೊತೆಗೆ ಒಂದು ಜಂಬವೂ ಇತ್ತು. ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವವನಿಗೆ ಒಂದು ಮನೆಯ ಲೆಕ್ಕ ಯಾವ ಮಹಾ ಕಷ್ಟ?

ತರಬೇತಿಯಲ್ಲಿ ನಾನು ಫೇಲಾದ ಲೆಕ್ಕ

ಕೇಂದ್ರಕ್ಕೆ ಬಂದವರ ಕಥೆಗಳನ್ನು ನಾನು ಇಲ್ಲಿ ಹೇಳುವಂತಿಲ್ಲ, ಹೇಳುವುದೂ ಇಲ್ಲ. ತರಬೇತಿಯಲ್ಲಿ ಕೊಟ್ಟ ಕಲ್ಪಿತ ಪ್ರಕರಣವೊಂದನ್ನು ಹೇಳಬಹುದು.

ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಒಬ್ಬ ತಾಯಿ, ಇಬ್ಬರು ಮಕ್ಕಳು. ಮನೆ ಬಾಡಿಗೆ ಬಾಕಿ 900 ಪೌಂಡ್, ಕೌನ್ಸಿಲ್ ಟ್ಯಾಕ್ಸ್ ಬಾಕಿ 420, ಕ್ರೆಡಿಟ್ ಕಾರ್ಡ್ 2,800, ಬಡ್ಡಿ ವರ್ಷಕ್ಕೆ 34 ಪರ್ಸೆಂಟ್. ಜೊತೆಗೆ ಕಂತಿನಲ್ಲಿ ಕೊಂಡ ವಾಷಿಂಗ್ ಮಷೀನಿನ ಸಾಲ. ತಿಂಗಳ ಕೊನೆಗೆ ಕೈಯಲ್ಲಿ ಮಿಕ್ಕುವುದು 60 ಪೌಂಡ್. ಮೊದಲು ಯಾವುದಕ್ಕೆ ಕಟ್ಟಬೇಕು?

ನಾನು ಎರಡು ನಿಮಿಷದಲ್ಲಿ ಕೈ ಎತ್ತಿದೆ. ಕ್ರೆಡಿಟ್ ಕಾರ್ಡ್! 34 ಪರ್ಸೆಂಟ್ ಅಂದರೆ ತಿಂಗಳಿಗೆ ಸುಮಾರು 79 ಪೌಂಡ್ ಬಡ್ಡಿಯೇ ಆಯಿತು. ಬಾಡಿಗೆ ಬಾಕಿಗಾಗಲಿ ಕೌನ್ಸಿಲ್ ಟ್ಯಾಕ್ಸ್ ಬಾಕಿಗಾಗಲಿ ಹೀಗೆ ಬಡ್ಡಿ ಬೆಳೆಯುವುದಿಲ್ಲ. ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸಿ ಎಂದು ನಾನೇ ನಿಮಗೆ ಎಷ್ಟು ಸಲ ಬರೆದಿಲ್ಲ?

ತರಬೇತಿ ಕೊಡುತ್ತಿದ್ದಾಕೆ ಅರವತ್ತರ ಆಸುಪಾಸಿನವರು. ಬೈಯಲಿಲ್ಲ, ನಗಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು: "ಕಟ್ಟದಿದ್ದರೆ ಏನಾಗುತ್ತದೆ?"

ಒಂದೊಂದಾಗಿ ನೋಡೋಣ. ಬಾಡಿಗೆ ಕಟ್ಟದಿದ್ದರೆ ಮನೆ ಹೋಗುತ್ತದೆ. ಕೌನ್ಸಿಲ್ ಟ್ಯಾಕ್ಸ್ ಕಟ್ಟದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶವಾಗಿ ಬಾಗಿಲಿಗೆ ಬೇಲಿಫ್ ಬರಬಹುದು, ಅಂದರೆ ಜಪ್ತಿಯವರು. ಬೇಕೆಂದೇ ಕಟ್ಟದವರನ್ನು ಜೈಲಿಗೆ ಕಳಿಸುವ ಅವಕಾಶವೂ ಇಂಗ್ಲೆಂಡಿನ ಕಾನೂನಿನಲ್ಲಿದೆ. ವೇಲ್ಸ್ ಅದನ್ನು 2019ರಲ್ಲಿ ಕೈಬಿಟ್ಟಿತು. ಕ್ರೆಡಿಟ್ ಕಾರ್ಡ್ ಕಟ್ಟದಿದ್ದರೆ? ಪತ್ರಗಳು ಬರುತ್ತವೆ, ಫೋನ್ ಬರುತ್ತದೆ, ಕ್ರೆಡಿಟ್ ದಾಖಲೆಯಲ್ಲಿ ಆರು ವರ್ಷ ಕಪ್ಪು ಚುಕ್ಕೆ ಉಳಿಯುತ್ತದೆ, ಕೋರ್ಟಿಗೂ ಹೋಗಬಹುದು. ಆದರೆ ಅವತ್ತು ರಾತ್ರಿ ಮಕ್ಕಳು ಅದೇ ಮನೆಯಲ್ಲಿ ಮಲಗುತ್ತಾರೆ. ಕಷ್ಟದಲ್ಲಿದ್ದೇನೆ ಎಂದು ಬರೆದು, ಲೆಕ್ಕ ತೋರಿಸಿ, ಬಡ್ಡಿ ನಿಲ್ಲಿಸಿ ಎಂದು ಕೇಳಬಹುದು. ತಿಂಗಳಿಗೆ 1 ಪೌಂಡ್ ಮಾತ್ರ ಕಟ್ಟುತ್ತೇನೆ ಎಂದರೂ ಒಪ್ಪುವ ಕಂಪನಿಗಳಿವೆ.

ಹಾಗಾಗಿ ಇಲ್ಲಿ ಸಾಲಗಳನ್ನು ಎರಡು ಗುಂಪು ಮಾಡುತ್ತಾರೆ. ಬಾಡಿಗೆ ಅಥವಾ ಮನೆ ಸಾಲ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು ಕರೆಂಟು, ಕೋರ್ಟ್ ದಂಡ, ಮಕ್ಕಳ ಜೀವನಾಂಶ ಇವು ಆದ್ಯತೆಯವು. ಕಾರ್ಡು, ಓವರ್‌ಡ್ರಾಫ್ಟು, ಪರ್ಸನಲ್ ಲೋನು ಆಮೇಲೆ. ಬಡ್ಡಿ ದರಕ್ಕೂ ಈ ವಿಂಗಡಣೆಗೂ ಸಂಬಂಧವೇ ಇಲ್ಲ. ನಾನು ಕಲಿತದ್ದು ಮಿಗುವ ದುಡ್ಡಿನ ಗಣಿತ. ಸಾಲದೆ ಬರುವ ದುಡ್ಡಿಗೆ ಗಣಿತವೇ ಬೇರೆ.

ಪಾರ್ಕಿಂಗ್ ಲಾಟಿನಲ್ಲಿ ಕೊಟ್ಟ ಸಲಹೆ

ಅವತ್ತು ಮನೆಗೆ ಹೋಗುವಾಗ ರೈಲಿನಲ್ಲಿ ನನಗೆ ನೆನಪಾದದ್ದು ಬೇರೆ ಒಬ್ಬರು.

ಹಲವು ವರ್ಷದ ಹಿಂದೆ, ನಮ್ಮ ಊರಿನ ಕನ್ನಡದವರ ಯುಗಾದಿ ಊಟ ಮುಗಿಸಿ ಕಾರಿನ ಹತ್ತಿರ ನಿಂತಿದ್ದೆ. ಹಾಸನದ ಕಡೆಯ ಒಬ್ಬ ಹುಡುಗ ಬಂದು ಮಾತಾಡಿಸಿದ. ಕಾಂಟ್ರಾಕ್ಟ್ ಕೆಲಸ ಮುಗಿದು ಎರಡು ತಿಂಗಳಾಗಿತ್ತು. ಹೆಂಡತಿ, ಸಣ್ಣ ಮಗು. "ಅಣ್ಣ, ಮೂರು ಕಾರ್ಡ್ ಇದಾವೆ. ಯಾವುದನ್ನ ಮೊದ್ಲು ತೀರಿಸ್ಲಿ?" ಅಂದ. ನಾನು ಮೂರರ ಬಡ್ಡಿ ದರ ಕೇಳಿದೆ. ಮನೆಗೆ ಹೋಗಿ ಚಂದದ ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದೆ. ಕ್ರೆಡಿಟ್ ಸ್ಕೋರ್ ಹಾಳು ಮಾಡಿಕೊಳ್ಳಬೇಡ, ಮುಂದೆ ಮನೆ ಕೊಳ್ಳುವಾಗ ಕಷ್ಟವಾಗುತ್ತೆ ಎಂದೂ ಬರೆದೆ.

ಬಾಡಿಗೆ ಕಟ್ಟಿದ್ದೀಯಾ ಎಂದು ಕೇಳಲಿಲ್ಲ. ಕೌನ್ಸಿಲ್ ಟ್ಯಾಕ್ಸ್ ಬಗ್ಗೆ ಕೇಳಲಿಲ್ಲ. ಕೇಳಬೇಕು ಅನ್ನುವುದೇ ಹೊಳೆಯಲಿಲ್ಲ, ಯಾಕೆಂದರೆ ನನ್ನ ಮನೆಯಲ್ಲಿ ಅವೆರಡೂ ಡೈರೆಕ್ಟ್ ಡೆಬಿಟ್‌ನಲ್ಲಿ ತಾವಾಗಿಯೇ ಹೋಗುತ್ತವೆ.

ಆಗಿನ ನಿಯಮ ಹೀಗಿತ್ತು. ಒಂದು ಕಂತು ತಪ್ಪಿದರೆ ಕೌನ್ಸಿಲ್ ಜ್ಞಾಪನೆ ಕಳಿಸುತ್ತದೆ. ಏಳು ದಿನದಲ್ಲಿ ಕಟ್ಟದಿದ್ದರೆ ಕಂತಿನ ಸೌಲಭ್ಯ ಹೋಗಿ ಇಡೀ ವರ್ಷದ ಬಾಕಿ ಒಟ್ಟಿಗೆ ಬೀಳುತ್ತದೆ. ಅದನ್ನೂ ಕಟ್ಟದಿದ್ದರೆ ಕೋರ್ಟ್ ಸಮನ್ಸ್, ಅದರ ಖರ್ಚೂ ನಮ್ಮ ಮೇಲೆಯೇ. ಆರೇಳು ತಿಂಗಳ ಮೇಲೆ ಅವನೇ ಫೋನ್ ಮಾಡಿದ. "ನೀವು ಹೇಳ್ದಂಗೇ ಕಾರ್ಡ್‌ಗೆ ಕಟ್ತಾ ಇದ್ದೆ ಅಣ್ಣ. ನಿನ್ನೆ ಮನೆ ಹತ್ರ ಬೇಲಿಫ್ ಬಂದಿದ್ರು. ನಾನು ಇಂಟರ್‌ವ್ಯೂಗೆ ಹೋಗಿದ್ದೆ, ಇವಳೊಬ್ಬಳೇ ಇದ್ಲು." ದನಿಯಲ್ಲಿ ದೂರು ಇರಲಿಲ್ಲ. ನನಗೆ ಏನು ಹೇಳಬೇಕೋ ತಿಳಿಯದೆ, ಎಷ್ಟು ಬೇಕು, ನಾನು ಕೊಡಲಾ ಎಂದೆ. ಬೇಡ ಎಂದ. ಮರುವರ್ಷ ಅವರು ಊರಿಗೆ ವಾಪಸಾದರು. ಆ ಕುಟುಂಬ ಮತ್ತೆ ನಮ್ಮ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ನನ್ನಿಂದಲೇ ಎಲ್ಲ ಹಾಳಾಯಿತು ಎಂದು ನಾನು ಹೇಳುತ್ತಿಲ್ಲ. ಕೆಲಸ ಹೋದದ್ದು ನನ್ನಿಂದಲ್ಲ. ಆದರೆ ಬಾಗಿಲು ಬಡಿದ ಆ ದಿನ ನನ್ನ ಎಕ್ಸೆಲ್ ಶೀಟಿನ ಲೆಕ್ಕದಿಂದ ಬಂದದ್ದು. ನಮ್ಮೂರಿನ ಸಲಹಾ ಕೇಂದ್ರ ಅವನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿತ್ತು. ಅಲ್ಲಿಗೆ ಹೋಗು ಎಂದು ಹೇಳಲು ಅಂಥದ್ದೊಂದು ಇದೆ ಎಂಬುದೂ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ. ಹಾಸಿಗೆ ಎಷ್ಟಿದೆ?

ನಮ್ಮಂಥವರ ನಂಬಿಕೆ ಒಂದಿದೆ: ಬಡವರಿಗೆ ದುಡ್ಡಿನ ತಿಳಿವಳಿಕೆ ಸಾಲದು, ಬಜೆಟ್ ಹಾಕುವುದು ಕಲಿಸಿದರೆ ಸರಿಹೋಗುತ್ತದೆ. ನಾನೂ ಹಾಗೆ ನಂಬಿದ್ದೆ. ಎರಡೇ ತಿಂಗಳು ಆ ಮೇಜಿನ ಈಚೆ ಕೂತ ಮೇಲೆ ಬಿಟ್ಟೆ. ಎದುರಿಗೆ ಕೂರುವ ಬಹುಪಾಲು ಜನಕ್ಕೆ ತಮ್ಮ ಹತ್ತಿರ ಎಷ್ಟಿದೆ ಎಂಬುದು ಪೆನ್ನಿಯ ಮಟ್ಟಿಗೆ ಗೊತ್ತು. ಪ್ರೀಪೇಯ್ಡ್ ಮೀಟರಿನಲ್ಲಿ ಎಷ್ಟು ಉಳಿದಿದೆ, ಯಾವ ಅಂಗಡಿಯಲ್ಲಿ ಎಷ್ಟು ಹೊತ್ತಿಗೆ ಬ್ರೆಡ್ಡಿನ ಬೆಲೆ ಇಳಿಸುತ್ತಾರೆ ಎಲ್ಲ ಗೊತ್ತು. ನನ್ನ ಖಾತೆಯಲ್ಲಿ ಇವತ್ತು ಎಷ್ಟಿದೆ ಎಂದು ಕೇಳಿದರೆ ನಾನು ಫೋನ್ ತೆಗೆದು ನೋಡಬೇಕು.

ಅವರ ತೊಂದರೆ ಬೇರೆ ಕಡೆ ಇದೆ. ಎರಡು ಉದಾಹರಣೆ ಕೊಡುತ್ತೇನೆ, ಎರಡೂ ನಮ್ಮ ಕ್ಷೇತ್ರದವರಿಗೆ ಆಸಕ್ತಿ ಹುಟ್ಟಿಸುವಂಥವು.

ಮೊದಲನೆಯದು, ದಿನಾಂಕದ ಲೆಕ್ಕ. ಇಲ್ಲಿ ಕಡಿಮೆ ಸಂಬಳದ ಅನೇಕ ಕೆಲಸಗಳಲ್ಲಿ ನಾಲ್ಕು ವಾರಕ್ಕೊಮ್ಮೆ ಸಂಬಳ. ಅಂದರೆ ವರ್ಷಕ್ಕೆ 13 ಸಂಬಳ. ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಭತ್ಯೆ ಲೆಕ್ಕ ಹಾಕುವುದು ಮಾತ್ರ ಕ್ಯಾಲೆಂಡರ್ ತಿಂಗಳಿಗೆ. ಹಾಗಾಗಿ ವರ್ಷದಲ್ಲಿ ಒಂದು ಸಲ ಒಂದೇ ತಿಂಗಳ ಲೆಕ್ಕದಲ್ಲಿ ಎರಡು ಸಂಬಳ ಬೀಳುತ್ತದೆ, ಆ ತಿಂಗಳ ಭತ್ಯೆ ಏಕ್‌ದಂ ಇಳಿಯುತ್ತದೆ ಅಥವಾ ನಿಂತೇ ಹೋಗುತ್ತದೆ. ಒಂದು ಪೌಂಡೂ ಹೆಚ್ಚಿಗೆ ದುಡಿದಿರುವುದಿಲ್ಲ. ಇದನ್ನು ನೀವು ಬಜೆಟ್ ಪಾಠದಿಂದ ಸರಿಮಾಡಲಾರಿರಿ.

ಎರಡನೆಯದು, ತೆರಿಗೆ. ನಮ್ಮ ಊಟದ ಮೇಜಿನಲ್ಲಿ ಎಂದೂ ಮುಗಿಯದ ವಿಷಯ ಒಂದು ಲಕ್ಷ ಪೌಂಡ್ ಸಂಬಳದ ಬಲೆ. 1,00,000 ದಾಟಿ 1,25,140ರವರೆಗೆ ಗಳಿಸುವ ಪ್ರತಿ ಪೌಂಡಿನ ಮೇಲೆ 60 ಪರ್ಸೆಂಟ್ ತೆರಿಗೆ, ನ್ಯಾಷನಲ್ ಇನ್ಶುರೆನ್ಸ್ ಸೇರಿ 62. ಅನ್ಯಾಯ ಅನ್ನುತ್ತೇವೆ. ಈಗ ತೆರಿಗೆ ಮಿತಿ ದಾಟಿದ, ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಒಬ್ಬಾಕೆ ಒಂದು ಪೌಂಡ್ ಹೆಚ್ಚಿಗೆ ದುಡಿದರೆ ಏನಾಗುತ್ತದೆ ನೋಡಿ. 20 ಪೆನ್ಸ್ ತೆರಿಗೆ, 8 ಪೆನ್ಸ್ ನ್ಯಾಷನಲ್ ಇನ್ಶುರೆನ್ಸ್. ಉಳಿದ 72ರಲ್ಲಿ 55 ಪರ್ಸೆಂಟಿನಷ್ಟು ಭತ್ಯೆ ಕಡಿತ. ಕೈಗೆ ಸಿಗುವುದು 32 ಪೆನ್ಸ್ ಚಿಲ್ಲರೆ. ಅಂದರೆ ಕಡಿತ ಹೆಚ್ಚುಕಡಿಮೆ 68 ಪರ್ಸೆಂಟ್, ನಮಗಿಂತ ಜಾಸ್ತಿ. ನಾವು ಪೆನ್ಶನ್‌ಗೆ ಹಾಕಿ ತಪ್ಪಿಸಿಕೊಳ್ಳುತ್ತೇವೆ. ಆಕೆಗೆ ಪೆನ್ಶನ್‌ಗೆ ಹೆಚ್ಚಿಗೆ ಹಾಕುವಷ್ಟು ಎಲ್ಲಿ ಮಿಗುತ್ತದೆ?

ಇಪ್ಪತ್ತು ವರ್ಷ ಹಣಕಾಸಿನಲ್ಲಿ ಇದ್ದೂ ಈ ಎರಡನೇ ಲೆಕ್ಕವನ್ನು ನಾನು ಮಾಡಿರಲಿಲ್ಲ. ಮಾಡುವ ಸಂದರ್ಭವೇ ಬಂದಿರಲಿಲ್ಲ.

ಗಂಟೆ ರೇಟಿನ ವಾದ

ಈಗ ಗೆಳೆಯರ ಪ್ರಶ್ನೆಗೆ ಬರೋಣ. ದುಡಿದು ದಾನ ಮಾಡಬಾರದೇ?

ಮಾಡಿ. ಈ ಕೇಂದ್ರಗಳಿಗೆ ದುಡ್ಡೂ ಬೇಕು. ಮೇಲ್ವಿಚಾರಕರಿಗೆ ಸಂಬಳ ಕೊಡದೆ ಸ್ವಯಂಸೇವಕರನ್ನು ಕೂರಿಸಲು ಆಗುವುದಿಲ್ಲ. ಆದರೆ ಆ ವಾದದಲ್ಲಿ ಎರಡು ತೂತಿವೆ. ಒಂದು, ನಮ್ಮಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು. ಬುಧವಾರ ಮಧ್ಯಾಹ್ನ ಮೂರು ಗಂಟೆ ಹೆಚ್ಚಿಗೆ ಕೂತರೆ ಕಂಪನಿ ಒಂದು ಪೌಂಡೂ ಜಾಸ್ತಿ ಕೊಡುವುದಿಲ್ಲ. ಮಾರಲಾಗದ ಗಂಟೆಗೆ ರೇಟು ಕಟ್ಟಿ ಏನು ಫಲ? ಎರಡು, ಚೆಕ್ ಬರೆದು ಕೊಟ್ಟಿದ್ದರೆ ನಾನು ಇವತ್ತಿಗೂ ಯುಗಾದಿ ಊಟದಲ್ಲಿ ಅದೇ ಎಕ್ಸೆಲ್ ಶೀಟ್ ಹಂಚುತ್ತಿದ್ದೆ. ದಾನ ಕೊಟ್ಟರೆ ನನ್ನ ತಪ್ಪು ತಿದ್ದುವವರು ಯಾರು?

ಖರ್ಚೆಷ್ಟು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ. ಆಫೀಸಿನಲ್ಲಿ ಕೇಳಿ ವಾರಕ್ಕೆ ಅರ್ಧ ದಿನ ಕಡಿಮೆ ಮಾಡಿಸಿಕೊಂಡೆ, ಸಂಬಳದಲ್ಲಿ ಹತ್ತನೇ ಒಂದು ಭಾಗ ಹೋಯಿತು. "ಸಂಬಳ ಕಡಿಮೆ ಮಾಡಿಸ್ಕೊಂಡು ಸಮಾಜಸೇವೆನಾ?" ಎಂದು ಮನೆಯಲ್ಲಿ ಕೇಳಿದಳು. ನಾನು ಲೆಕ್ಕ ತೋರಿಸಿದೆ. ನೀವೂ ನೋಡಿ. 1,10,000 ಪೌಂಡ್ ಸಂಬಳದವರು 99,000ಕ್ಕೆ ಇಳಿದರೆ ಕಾಗದದ ಮೇಲೆ 11,000 ಹೋಗುತ್ತದೆ. ಆದರೆ ಅದರಲ್ಲಿ 10,000ಕ್ಕೆ 62 ಪರ್ಸೆಂಟ್, ಮಿಕ್ಕ 1,000ಕ್ಕೆ 42 ಪರ್ಸೆಂಟ್ ಹೇಗೂ ಸರ್ಕಾರಕ್ಕೆ ಹೋಗುತ್ತಿತ್ತು. ಕೈಯಿಂದ ಹೋಗುವುದು 4,380, ತಿಂಗಳಿಗೆ 365 ಪೌಂಡ್. ಕಂಪನಿಯ ಪೆನ್ಶನ್ ಪಾಲು ಸ್ವಲ್ಪ ಇಳಿಯಬಹುದು, ಅದನ್ನು ನೋಡಿಕೊಳ್ಳಿ. ಸಣ್ಣ ಮಕ್ಕಳಿರುವವರಿಗೆ ಲಕ್ಷದೊಳಗೆ ಬಂದರೆ ಸರ್ಕಾರದ ಶಿಶುಪಾಲನೆ ನೆರವೂ ವಾಪಸ್ ಸಿಗಬಹುದು. ಎಲ್ಲರಿಗೂ ಇದು ಸಾಧ್ಯ ಎನ್ನುವುದಿಲ್ಲ. ಮನೆ ಸಾಲ, ಊರಿಗೆ ಕಳಿಸುವುದು, ಎಲ್ಲ ಇರುತ್ತದೆ. ಆದರೆ ಸಾಧ್ಯವಿದ್ದೂ 'ಟೈಮಿಲ್ಲ' ಅನ್ನುವವರು ಒಂದು ಸಲ ಈ ಲೆಕ್ಕ ಹಾಕಿ ನೋಡಿ.

ಬಾಗಿಲ ಹೊರಗೆ ಬಿಡಬೇಕಾದದ್ದು

ಸೇರುವ ಮನಸ್ಸಿರುವವರಿಗೆ ಕೆಲವು ಮಾತು.

ಮೊದಲು ಬಿಡಬೇಕಾದದ್ದು 'ನೀವು ಹೀಗೆ ಮಾಡಿ' ಎನ್ನುವ ಚಟ. ಅನಲಿಸ್ಟ್‌ಗಳಾದ ನಮ್ಮ ಕೆಲಸವೇ ಕೊಳ್ಳಿ, ಮಾರಿ, ಇಟ್ಟುಕೊಳ್ಳಿ ಎಂದು ಹೇಳುವುದು. ಅಲ್ಲಿ ಹಾಗಿಲ್ಲ. ಇರುವ ದಾರಿಗಳನ್ನು, ಒಂದೊಂದರ ಲಾಭ ನಷ್ಟವನ್ನು ಮುಂದಿಡುವುದು ಮಾತ್ರ ನಮ್ಮ ಕೆಲಸ, ಆಯ್ಕೆ ಅವರದ್ದು.

ಎರಡನೆಯದು, ನಿಮ್ಮ ಡಿಗ್ರಿ. ಸಾಲದ ಸಲಹೆ ಇಲ್ಲಿ ಹಣಕಾಸು ನಿಯಂತ್ರಕರ ಅನುಮತಿಗೆ ಒಳಪಟ್ಟ ಕೆಲಸ. ವಲಸೆ ಕಾನೂನಿನ ಸಲಹೆಯನ್ನು ನೋಂದಾಯಿತರಲ್ಲದವರು ಕೊಡುವುದು 1999ರ ಕಾಯ್ದೆಯ ಪ್ರಕಾರ ಅಪರಾಧ. ವೀಸಾ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ನಾವು ಎಷ್ಟು ಸಲೀಸಾಗಿ ತೀರ್ಪು ಕೊಡುತ್ತೇವೆ ನೆನೆಸಿಕೊಳ್ಳಿ.

ಮೂರನೆಯದು, ಟ್ರಸ್ಟಿ ಆಗುವ ಆಸೆ. ಎಂಬಿಎ ಅಂದ ಕೂಡಲೇ ಮಂಡಳಿಗೆ ಬನ್ನಿ, ಖಜಾಂಚಿ ಆಗಿ ಎಂದು ಕರೆಯಬಹುದು. ಅದೂ ಬೇಕಾದ ಕೆಲಸವೇ. ಆದರೆ ಮೊದಲು ಒಂದು ವರ್ಷ ಮೇಜಿನ ಹತ್ತಿರ ಕೂತು ಆಮೇಲೆ ಹೋಗಿ.

ತರಬೇತಿ ಕೆಲವು ತಿಂಗಳು ಹಿಡಿಯುತ್ತದೆ. ಎಷ್ಟು ಸಮಯ ಕೇಳುತ್ತಾರೆ ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬೇರೆ, ಕೆಲವು ಕಡೆ ವಾರಕ್ಕೆ ಪೂರ್ತಿ ದಿನವೂ ಆಗಬಹುದು. ಆಫೀಸಿನವರು ಕೊಡುವ ಒಂದು ದಿನದ 'ವಾಲಂಟಿಯರಿಂಗ್ ಡೇ' ಇದಕ್ಕೆ ಉಪಯೋಗವಿಲ್ಲ. ಅಮೆರಿಕದಲ್ಲಿ ಇರುವವರಿಗೆ ವೀಟಾ ಎಂಬ ಉಚಿತ ತೆರಿಗೆ ಸಹಾಯ ಕಾರ್ಯಕ್ರಮವಿದೆ, ಐಆರ್‌ಎಸ್ ಪರೀಕ್ಷೆ ಪಾಸಾದ ಸ್ವಯಂಸೇವಕರು ಕಡಿಮೆ ಆದಾಯದವರ ರಿಟರ್ನ್ ಮಾಡಿಕೊಡುತ್ತಾರೆ. ಕೆನಡಾದಲ್ಲೂ ಅಂಥದ್ದು ಇದೆ.

ಮೇಜಿನ ಆಚೆ ಬದಿಗೆ

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಈಗ ಕಷ್ಟದಲ್ಲಿ ಇರಬಹುದು. ಕೆಲಸ ಹೋಗಿದ್ದರೂ ಊರಿಗೆ ಹೇಳದೆ, ಕಾರ್ಡಿನಲ್ಲಿ ತೆಗೆದು ತಿಂಗಳು ತಿಂಗಳು ಅಪ್ಪ ಅಮ್ಮನಿಗೆ ಕಳಿಸುತ್ತಿರಬಹುದು.

ದಯವಿಟ್ಟು ಹೋಗಿ. ಪರಿಚಯದ ಕನ್ನಡದವರು ಯಾರಾದರೂ ಅಲ್ಲಿ ಕೂತಿದ್ದರೆ ಮಾನ ಹೋಗುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಪರಿಚಯದವರು ಬಂದರೆ ಅದನ್ನು ತಿಳಿಸಿ ನಾವು ಪಕ್ಕಕ್ಕೆ ಸರಿಯಬೇಕು, ಕಡತ ಬೇರೆಯವರು ನೋಡುತ್ತಾರೆ. ಅಷ್ಟೂ ಬೇಡವೆಂದರೆ ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ಎರಡೂ ಉಚಿತ, ಫೋನಿನಲ್ಲೇ ಆಗುತ್ತದೆ. 2021ರ ಮೇ ತಿಂಗಳಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬ್ರೀದಿಂಗ್ ಸ್ಪೇಸ್ ಎಂಬ ವ್ಯವಸ್ಥೆಯಿದೆ. ಅರ್ಹರಾದರೆ 60 ದಿನ ಹೆಚ್ಚಿನ ಸಾಲಗಳ ಬಡ್ಡಿ, ವಸೂಲಿ, ಬೇಲಿಫ್ ಎಲ್ಲ ನಿಲ್ಲುತ್ತದೆ. ಸಾಮಾನ್ಯವಾಗಿ ಅದಕ್ಕೆ ಸಾಲದ ಸಲಹೆಗಾರರ ಮೂಲಕವೇ ಅರ್ಜಿ ಹಾಕಬೇಕು. ಆ ಹಾಸನದ ಹುಡುಗನ ಕಾಲಕ್ಕೆ ಇದು ಇರಲಿಲ್ಲ.

ವೀಸಾದಲ್ಲಿ 'ಸಾರ್ವಜನಿಕ ನಿಧಿ ಇಲ್ಲ' ಎಂಬ ಷರತ್ತು ಇರುವವರು ಯಾವುದೇ ಭತ್ಯೆಗೆ ಅರ್ಜಿ ಹಾಕುವ ಮೊದಲು ಕೇಳಿ ಖಚಿತ ಮಾಡಿಕೊಳ್ಳಿ. ಕೌನ್ಸಿಲ್ ಟ್ಯಾಕ್ಸಿನಲ್ಲಿ ಕಡಿಮೆ ಆದಾಯದವರಿಗೆ ಸಿಗುವ ರಿಯಾಯಿತಿ ಸಾರ್ವಜನಿಕ ನಿಧಿ, ಆದರೆ ಒಬ್ಬರೇ ವಾಸಿಸುವವರಿಗೆ ಸಿಗುವ 25 ಪರ್ಸೆಂಟ್ ರಿಯಾಯಿತಿ ಅಲ್ಲ. ಸಲಹೆ ಕೇಳಲು ಮಾತ್ರ ಯಾವ ವೀಸಾದವರಿಗೂ ಅಡ್ಡಿಯಿಲ್ಲ.

ಮತ್ತೆ, ಯಾರಾದರೂ ಪಾರ್ಕಿಂಗ್ ಲಾಟಿನಲ್ಲಿ ಬಂದು "ಅಣ್ಣ, ಯಾವ ಕಾರ್ಡ್ ಮೊದಲು?" ಎಂದು ನಿಮ್ಮನ್ನು ಕೇಳಿದರೆ ಬಡ್ಡಿ ದರ ಕೇಳಬೇಡಿ. ಬಾಡಿಗೆ ಕಟ್ಟಿದ್ದೀಯಾ, ಒಡೆಯದ ಕವರುಗಳು ಎಷ್ಟಿವೆ ಎಂದು ಕೇಳಿ. ಆಮೇಲೆ ಅವರ ಜೊತೆ ಆ ಕೇಂದ್ರದವರೆಗೆ ನಡೆದುಕೊಂಡು ಹೋಗಿ.

ಮುಂದಿನ ವಾರ ಎಂದಿನಂತೆ ಪೆನ್ಶನ್ ಲೆಕ್ಕದೊಂದಿಗೆ ಸಿಗೋಣ.

*(ಇಲ್ಲಿರುವುದು ನನ್ನ ವೈಯಕ್ತಿಕ ಅಭಿಪ್ರಾಯ, ನಿಮ್ಮ ಸಾಲಕ್ಕೆ ಕೊಟ್ಟ ಸಲಹೆಯಲ್ಲ. ತೆರಿಗೆ ಮತ್ತು ಭತ್ಯೆಯ ದರಗಳು ಬದಲಾಗುತ್ತಿರುತ್ತವೆ. ಸ್ಕಾಟ್ಲೆಂಡಿನಲ್ಲಿ ನಿಯಮಗಳೂ ಸಂಸ್ಥೆಯೂ ಬೇರೆ.)*